ಬಚ್ಚಲಲ್ಲಿ ಜಾರಿದಳು ಎಂದೆ

ಮಂಗಳವಾರ ಬೆಳಿಗ್ಗೆ ನನ್ನ ಹೆಂಡತಿ ಜಯಮ್ಮ ಆಕಳಿಸಲು ಬಾಯಿ ತೆರೆದವಳು ಅರ್ಧಕ್ಕೇ ನಿಲ್ಲಿಸಿದಳು. ಎದೆಗೆ ಕೈ ಒತ್ತಿಕೊಂಡಳು.

"ಚುಚ್ತದಾ?" ಎಂದೆ.

"ಒಸಿ. ನೀವು ಕೆಲ್ಸ ನೋಡಿ."

ಹಿಂದಿನ ದಿನ ಮಧ್ಯಾಹ್ನ ಮರ ಕಡೆಯುವ ಲೇತ್‌ನಿಂದ ಮರದ ತುಂಡೊಂದು ಸಿಡಿದು ಅವಳ ಎದೆಗೆ ಬಡಿದಿತ್ತು. ಚನ್ನಪಟ್ಟಣದಲ್ಲಿ ನಮ್ಮದು ಬೊಂಬೆ ಕೆಲಸ. ಬಿಡದಿ ಕಡೆ ಫ್ಯಾಕ್ಟರಿಗಳು ಬಂದ ಮೇಲೆ ಆಳುಗಳು ಸಿಗದೆ ನಾವಿಬ್ಬರೇ ಲೇತ್ ಮುಂದೆ ಕೂರುತ್ತಿದ್ದೆವು. ಬುಧವಾರ ಮಾಲು ಕಳಿಸಬೇಕಿತ್ತು. ಬೇಗ ಮುಗಿಯಲೆಂದು ಪುಲ್ಲಿ ಬದಲಿಸಿ ಲೇತ್‌ನ ವೇಗ ಹೆಚ್ಚಿಸಿದವನು ನಾನು. ಪೆಟ್ಟು ಬಿದ್ದ ಮೇಲೆ ಶಾಖ ಕೊಟ್ಟು, ಹಳೇ ಸೀರೆ ಹರಿದು ಎದೆಗೆ ಬಿಗಿಯಾಗಿ ಸುತ್ತಿ, ಮತ್ತೆ ಕೆಲಸಕ್ಕೆ ಕೂರಿಸಿದವನೂ ನಾನೇ.

ಬುಧವಾರ ಮಾಲು ಲಾರಿಗೇರಿದ ಮೇಲೆ ಅವಳ ಮುಖ ನೋಡಿದೆ.

ತುಟಿ ನೀಲಿಗಟ್ಟಿತ್ತು.

ರಾಮನಗರದ ಆಸ್ಪತ್ರೆಯ ಗೇಟಿನಲ್ಲೇ ಎದೆಯ ಆ ಸೀರೆ ಕಟ್ಟು ಬಿಚ್ಚಿ ಚೀಲಕ್ಕೆ ತುರುಕಿದೆ. ಹೇಗಾಯ್ತು, ಯಾವಾಗ ಎಂದು ಡಾಕ್ಟರು ಕೇಳಿದರು. "ಇವತ್ತು ಬೆಳಿಗ್ಗೆ. ಬಚ್ಚಲಲ್ಲಿ ಜಾರಿದಳು" ಎಂದೆ. ಎರಡು ದಿನ ದುಡಿಸಿದೆ ಎನ್ನಲು ನಾಲಿಗೆ ಏಳಲಿಲ್ಲ. ಅವರು ಅವಳ ಕಡೆ ತಿರುಗಿದರು. ಉಸಿರಿಗೆ ಒದ್ದಾಡುತ್ತಿದ್ದವಳು ಇದ್ದ ಉಸಿರಲ್ಲೇ "ಹೂಂ, ಜಾರ್ಬುಟ್ಟೆ" ಎಂದಳು.

ಮೂರು ಪಕ್ಕೆಲುಬು ಮುರಿದಿದ್ದವು. ಎಕ್ಸ್-ರೇಯಲ್ಲಿ ಎಡಗಡೆ ಮಬ್ಬಾಗಿತ್ತು. ಪೆಟ್ಟಿನದಿರಬೇಕು ಎಂದರು. ರಕ್ತ ತೆಗೆದುಕೊಂಡರು. ರಿಪೋರ್ಟ್ ಬಂದಾಗ ಡಾಕ್ಟರು ಅದನ್ನು ಎರಡು ಸಲ ಓದಿದರು.

"ಬೆಳಿಗ್ಗೆ ಪೆಟ್ಟಾದವರಿಗೆ ಉರಿಯೂತ ತೋರಿಸೋ ಈ ಸಿಆರ್‌ಪಿ ಇಷ್ಟು ಬೇಗ ಇಷ್ಟು ಏರಲ್ಲ. ಬೇರೆಲ್ಲೋ ಸೋಂಕಿರಬೇಕು."

ಹುಡುಕಿದರು. ಹೊಟ್ಟೆಯ ಸ್ಕ್ಯಾನ್. ಮೂತ್ರ ಪರೀಕ್ಷೆ. ಅವರು ಎಲ್ಲೆಲ್ಲೋ ಹುಡುಕುತ್ತಿದ್ದುದು ನನ್ನ ಮಾತನ್ನು ನಂಬಿ. ನಾನು ಐಸಿಯು ಬಾಗಿಲಲ್ಲಿ, ನರ್ಸಮ್ಮ ಬಿಚ್ಚಿಕೊಟ್ಟ ಅವಳ ಬಳೆಗಳನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದೆ. ಅಲುಗಾಡಿದರೆ ಅವು ಸದ್ದು ಮಾಡುತ್ತಿದ್ದವು.

ಸಂಜೆ ಇನ್ನೊಂದು ರಿಪೋರ್ಟ್. ಲ್ಯಾಕ್ಟೇಟ್ ಏರುತ್ತಿದೆ, ಮೈಗೆ ಆಮ್ಲಜನಕ ಸಾಲುತ್ತಿಲ್ಲ, ವೆಂಟಿಲೇಟರ್ ಬೇಕಾಗಬಹುದು ಎಂದರು. ಆಮೇಲೆ ನನ್ನ ಮುಖವನ್ನೇ ನೋಡಿದರು.

"ಯಜಮಾನ್ರೇ, ಇನ್ನೊಂದ್ಸಲ ಕೇಳ್ತೀನಿ. ಪೆಟ್ಟಾಗಿದ್ದು ಯಾವತ್ತು?"

"ಸೋಮವಾರ."

ಚೀಲದಿಂದ ಕಟ್ಟನ್ನೂ ತೆಗೆದು ತೋರಿಸಿದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೇಸ್ ಶೀಟ್‌ನಲ್ಲಿ ಒಂದು ಸಾಲು ಹೊಡೆದುಹಾಕಿ ಬೇರೆ ಬರೆದರು. "ಹಾಗಾದ್ರೆ ಎದೇಲೇ ಇದೆ. ನೋವಿಗೆ ಎರಡು ದಿನ ಸರಿಯಾಗಿ ಉಸಿರೆಳೆದಿಲ್ಲ, ಈ ಕಟ್ಟು ಬೇರೆ. ಪೆಟ್ಟು ಬಿದ್ದ ಕಡೆ ನಿಮೋನಿಯಾ ಹತ್ತಿದೆ" ಎಂದವರೇ ಒಳಗೆ ಓಡಿದರು.

ಮೂರು ದಿನ ವೆಂಟಿಲೇಟರ್. ಆರಾರು ಗಂಟೆಗೊಮ್ಮೆ ರಕ್ತ ಪರೀಕ್ಷೆ. ನರ್ಸಮ್ಮ ಹೇಳುವ ಲ್ಯಾಕ್ಟೇಟ್ ಅಂಕಿ ಬಿಟ್ಟರೆ ನನಗೆ ಬೇರೆ ದೇವರಿರಲಿಲ್ಲ. ಮೂರನೆಯ ದಿನ ಅದು ಇಳಿಯತೊಡಗಿತು.

ಬದುಕಿದಳು. ಮೊದಲಿನಂತಾಗಿದ್ದಾಳೆ ಎಂದು ಬರೆಯಲಾರೆ. ಹಳೇ ಪುಲ್ಲಿ ಹಾಕಿದ್ದೇನೆ, ಲೇತ್ ಮುಂದೆ ಅವಳನ್ನು ಕೂರಿಸುವುದಿಲ್ಲ.

ಮೊನ್ನೆ ತೋರಿಸಲು ಹೋಗಿದ್ದೆವು. ಉಸಿರು ಯಾವಾಗ ಕಟ್ಟುತ್ತದೆ ಎಂದು ಡಾಕ್ಟರು ಅವಳನ್ನು ಕೇಳಿದರು.

"ನನ್ನ ಯಾಕ್ ಕೇಳೀರಿ ಸಾ? ಅವರ್ನ ಕೇಳಿ. ಈಗ ಒಸಿ ನಿಜ ಹೇಳೋದು ಕಲ್ತವ್ರೆ." ಅಷ್ಟು ಹೇಳಲು ಎರಡು ಸಲ ನಿಂತಳು.

ಡಾಕ್ಟರು ನಕ್ಕರು. ನಾನು ಹೇಳಿದೆ: ಬಿಂದಿಗೆ ಎತ್ತುವಾಗ. ಮೆಟ್ಟಿಲಲ್ಲಿ, ನಾಲ್ಕನೆಯದಕ್ಕೆ. ಎಡಮಗ್ಗುಲಿಗೆ ಮಲಗಿದರೆ ಬೆಳಗಿನ ಜಾವ. ನಕ್ಕಾಗಲೂ.

ಅವರು ಅವಳ ಕಡೆ ತಿರುಗಿದರು.

"ಹೂಂ" ಎಂದಳು.