ರೋಗಿ ಎಂಬ ಕ್ಲಾಸನ್ನು ಒಡೆದ ವಾರ

ಚನ್ನಗಿರಿ ಬಸ್ ಸ್ಟ್ಯಾಂಡ್ ಹಿಂದೆ ನಮ್ಮದು ಇಬ್ಬರದೇ ಆಫೀಸು. ನನಗಿಂತ ಹದಿನೈದು ವರ್ಷ ದೊಡ್ಡವರಾದ ಪಾಲುದಾರರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಹೊನ್ನಾಳಿ, ನ್ಯಾಮತಿ, ಜಗಳೂರಿನ ಕೆಲವು ಸಣ್ಣ ಆಸ್ಪತ್ರೆಗಳಲ್ಲಿ ಅವರು ಬರೆದ ಸಾಫ್ಟ್‌ವೇರ್ ಓಡುತ್ತಿತ್ತು. ಸಾಫ್ಟ್‌ವೇರ್ ಬರೆಯುವಾಗ ಒಂದು ವಿಷಯದ ಮಾಹಿತಿ, ಲೆಕ್ಕಾಚಾರದ ಸಾಲುಗಳನ್ನು ಒಟ್ಟಿಗೆ ಕಟ್ಟಿಡುವ ತುಂಡಿಗೆ ಕ್ಲಾಸ್ ಎನ್ನುತ್ತೇವೆ; ಒಂದು ಕ್ಲಾಸಿಗೆ ಒಂದು ಕೆಲಸ ಇರಬೇಕು. ಅಣ್ಣನ 'ರೋಗಿ' ಎಂಬ ಕ್ಲಾಸಿನಲ್ಲೋ ಹೆಸರು, ವಯಸ್ಸಿನ ಜೊತೆ ಹಾಸಿಗೆ, ಔಷಧಿ, ರಕ್ತಪರೀಕ್ಷೆ, ಆಂಬುಲೆನ್ಸು, ಊರ ಉಸಾಬರಿಯೆಲ್ಲ! ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ಇದನ್ನ ಒಡೆದು ನಾಕು ಕ್ಲಾಸ್ ಮಾಡಾಣ ಅಣ್ಣ, ತಲೆ ಕೆಟ್ಟು ಕೆರ ಹಿಡಿದೈತೆ" ಎಂದು ರೇಗುತ್ತಿದ್ದೆ.

"ನಡೀತಾ ಐತೆ, ಬಿಡು ಮಾರಾಯ. ಯಾವ ಸಾಲು ಯಾಕೈತೆ ಅಂತ ನಂಗೊತ್ತೈತಲ್ಲ" ಎಂದು ಗುಟ್ಕಾ ಬಾಯಿಗೆ ಸುರಿದುಕೊಳ್ಳುತ್ತಿದ್ದರು.

ಆ ಹಾಳಾದ ಗುಟ್ಕಾ ಗಂಟಲನ್ನೇ ತಿಂದಿತು. ಮುಂದಿನ ಸೋಮವಾರ ಆಪರೇಷನ್, ಧ್ವನಿಪೆಟ್ಟಿಗೆ ತೆಗೆಯಬೇಕು, ಆಮೇಲೆ ಮಾತಿಲ್ಲ ಎಂದರು ಡಾಕ್ಟರು. ಇರುವ ದನಿಯನ್ನೂ ಹಿಡಿದು ಬಳಸಿ ಎಂದಿದ್ದರು. ಕೇಳಿ ಅತ್ತೆ. ಅತ್ತು ಮುಗಿಸಿ, ನಾಚಿಕೆಗೆಟ್ಟವನು, ಮಂಗಳವಾರವೇ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ಹೋದೆ. ಅವರ ಹೆಂಡತಿ, ನನ್ನ ಅತ್ತಿಗೆ, ಬಾಗಿಲು ತೆಗೆದರು.

"ಮೊದ್ಲು ಕೆಲಸ ಮುಗಿಸ್ಕಳ್ರಿ. ನಾವೇನು, ಭಾನುವಾರ ಕೂತು ಮಾತಾಡ್ತೀವಿ" ಎಂದರು.

ಶನಿವಾರದವರೆಗೂ ಒಂದೊಂದು ಸಾಲನ್ನೂ ತೋರಿಸಿ ಕೇಳಿದೆ. ಈ ಫೋನ್ ನಂಬರಿನ ಸಾಲು ಯಾಕಣ್ಣ?

"ಬಿಳಿಚೋಡು ಕಡೇರು ಮೂರು ಮನೆಗೆ ಒಂದೇ ನಂಬರ್ ಕೊಡ್ತಾರೆ. ಅದನ್ನ ನೋಡಿ ಒಬ್ರೇ ರೋಗಿ ಅನ್ಕಂಡು ಔಷಧಿ ಅದಲುಬದಲು ಮಾಡ್ಬ್ಯಾಡ."

ಕಾರಣ ತಿಳಿದಂತೆಲ್ಲ ಒಂದೊಂದೇ ತುಂಡು ಬೇರೆಯಾಯಿತು. ಹಾಸಿಗೆಗೊಂದು ಕ್ಲಾಸು, ಔಷಧಿಗೊಂದು, ಪರೀಕ್ಷೆಗೊಂದು. ಕೆಲಸ ಎಷ್ಟು ಚೆಂದ ಬಂತೆಂದರೆ, ಅಣ್ಣನ ಮಾತು ಪಿಸುಗುಟ್ಟುವಷ್ಟಕ್ಕೆ ಇಳಿದದ್ದನ್ನು ನಾನು ಗಮನಿಸಲೇ ಇಲ್ಲ. ಶನಿವಾರ ಸಂಜೆ "ಇನ್ನೊಂದೇ ಒಂದು ಅಣ್ಣ" ಎಂದೆ. ಅದಕ್ಕೂ ಹೇಳಿದರು.

ಭಾನುವಾರ ಬೆಳಿಗ್ಗೆ ಅಣ್ಣ ಅತ್ತಿಗೆಯನ್ನು ಕರೆಯಲು ಬಾಯಿ ತೆರೆದರೆ ಗಾಳಿಯಷ್ಟೇ ಬಂತಂತೆ. ಸುದ್ದಿ ತಿಳಿದು ಓಡಿದೆ. ಅತ್ತಿಗೆಯ ಕಾಲಿಗೆ ಬಿದ್ದೆ.

"ತಪ್ಪಾತು ಅತ್ತಿಗೆ. ನಿಮ್ಮ ಪಾಲಿನ ಮಾತೆಲ್ಲ ನಾನೇ ತಿಂದುಬಿಟ್ಟೆ."

"ಅಯ್ಯೋ, ಏಳ್ರಿ ಮೇಲೆ. ಐದು ದಿನಾನೂ ಮಿಕ್ಸಿ ಸೈತ ಹಾಕ್ದಂಗೆ, ಅಡಿಗೆಮನೇಲಿ ನಿಂತು ಕೇಳಿಸ್ಕಂಡೆ. ಒಂದಕ್ಷರ ತಿಳೀಲಿಲ್ಲ. ಆದ್ರೂ ಅವರ ದನಿ ಅಲ್ವೇನ್ರಿ."