ಅಜ್ಜ ಅಪ್ಪಣೆ ಕೇಳಿದ ದಿನ

ಕುಚ್ಚಿಲಕ್ಕಿ ಗಂಜಿ ಕುದಿಯುವ ವಾಸನೆ ಎಲ್ಲಿಂದ ಬಂದರೂ ನನಗೆ ಉಪ್ಪಿನಂಗಡಿಯ ನಮ್ಮ ಮನೆ ನೆನಪಾಗುತ್ತದೆ, ಅದರ ಹಿಂದೆಯೇ ಅಜ್ಜ. ಈಗ ಆ ಮನೆಯೂ ಇಲ್ಲ, ಆ ಒಲೆಯೂ ಇಲ್ಲ. ನಿಮಗೂ ಅಂಥದೊಂದು ಒಲೆ ಇದ್ದೀತು. ಐವತ್ತರ ದಶಕದಲ್ಲಿ ನಾನು ಲಂಗ ಉಡುವ ಹುಡುಗಿ, ಅಜ್ಜ ಸುತ್ತಲ ಊರಿಗೆಲ್ಲ ಧರ್ಮಶಾಸ್ತ್ರ ಹೇಳುವವರು. ಒಮ್ಮೆ ಕಡಬದ ಕಡೆಯ ಮುದುಕರೊಬ್ಬರು ಮಕ್ಕಳ ಮೇಲೆ ಮುನಿಸಿಕೊಂಡು ಬಂದು, ಅನ್ನ ನೀರು ಬಿಟ್ಟು ದೇಹ ತ್ಯಜಿಸುತ್ತೇನೆ, ಪ್ರಾಯೋಪವೇಶಕ್ಕೆ ಒಳ್ಳೆಯ ದಿನ ನೋಡಿ ಎಂದು ಪಟ್ಟುಹಿಡಿದರು. ಅಜ್ಜ ನಕ್ಕುಬಿಟ್ಟರು. "ಹೊಟ್ಟೆಯಲ್ಲಿ ಸಿಟ್ಟು ಉಂಟಲ್ಲ ಮಾರಾಯ್ರೆ, ಮೊದಲು ಅದನ್ನು ಬಿಡಿ. ಸಿಟ್ಟಲ್ಲಿ ಸಾಯುದು ಆತ್ಮಹತ್ಯೆ, ಪಾಪ. ಮಾಡುವ ಕೆಲಸ ಮುಗಿದು, ಆಸೆ ತೀರಿ, ಮನೆಯವರೆಲ್ಲ ಮನಸಾರೆ ಒಪ್ಪಿದರೆ ಮಾತ್ರ ಪ್ರಾಯೋಪವೇಶ. ಒಬ್ಬರು ಬೇಡ ಅಂದರೂ ಹೊರಡ್ಲಿಕ್ಕಿಲ್ಲ." ಮುದುಕರು ನಮ್ಮಲ್ಲೇ ಊಟ ಮಾಡಿ ಹೋದರು.

ಮರುವರ್ಷದ ಬೇಸಗೆಯಲ್ಲಿ ಅಜ್ಜನೇ ಕಾಯಿಲೆ ಬಿದ್ದರು. ಪುತ್ತೂರಿನ ಡಾಕ್ಟರು ಕೈಚೆಲ್ಲಿದರು. ಒಂದು ಬೆಳಿಗ್ಗೆ ಅಜ್ಜ ಸ್ನಾನ ಮಾಡಿ, ಚಾವಡಿಯಲ್ಲಿ ಮಣೆ ಹಾಕಿ ಕೂತು, ಪ್ರಾಯೋಪವೇಶದ ಸಂಕಲ್ಪಕ್ಕೆ ನೀರಿಟ್ಟುಕೊಂಡು ಒಬ್ಬೊಬ್ಬರಲ್ಲೂ ಅಪ್ಪಣೆ ಕೇಳಿದರು. ದೊಡ್ಡಪ್ಪ ಕಣ್ಣೊರೆಸಿಕೊಂಡು "ನಿಮ್ಮ ಇಷ್ಟ" ಎಂದರು. ಅಪ್ಪ ಕಾಲಿಗೆ ಬಿದ್ದರು. ಅಜ್ಜಿ ಬಾಗಿಲ ಬಳಿ ನಿಂತು ತಲೆ ತಗ್ಗಿಸಿದರು. ಅದನ್ನೇ ಒಪ್ಪಿಗೆ ಎಂದು ಎಲ್ಲರೂ ತಿಳಿದರು. ಕೊನೆಗೆ ಅಜ್ಜ ನನ್ನನ್ನು ಕೇಳಿದರು, "ಎಂತ ಮಗಾ, ನಾನು ಹೊರಡುದಾ?" ನನ್ನ ಬಾಯಿ ಮೊದಲಿನಿಂದಲೂ ಜೋರು. "ಅಜ್ಜಿ ಎಂತದೂ ಹೇಳ್ಲಿಲ್ಲ. ಅವರ ಹತ್ರ ಸರಿಯಾಗಿ ಕೇಳಿ" ಎಂದೆ. ಅಪ್ಪ ಕಣ್ಣು ಕೆಂಪು ಮಾಡಿದರು. ಊರಿಗೆಲ್ಲ ಶಾಸ್ತ್ರ ಹೇಳಿದ ಅಜ್ಜ ಹೆಂಡತಿಯ ಮೌನವನ್ನು ಒಪ್ಪಿಗೆಯ ಲೆಕ್ಕಕ್ಕೆ ಹಿಡಿದಿದ್ದರು. ಅದು ಅವರಿಗೂ ಆಗಲೇ ಹೊಳೆದಿರಬೇಕು. ಅಜ್ಜಿಯ ಕಡೆ ತಿರುಗಿ ಕಾದರು.

"ನನಗೆ ಮನಸ್ಸಿಲ್ಲ" ಎಂದರು ಅಜ್ಜಿ, ಎಲ್ಲರೆದುರು. "ಇಷ್ಟು ಕಾಲ ನಿಮಗೆ ಬಡಿಸಿದ್ದೇ ಆಯ್ತು. ಕೂತು ಮಾತಾಡ್ಲಿಕ್ಕೆ ನಮಗೆ ಪುರುಸೊತ್ತು ಎಲ್ಲಿತ್ತು? ನಿಮ್ಮ ಆಸೆ ತೀರಿರಬಹುದು, ನನ್ನದು ತೀರ್ಲಿಲ್ಲ."

ಅಜ್ಜ ಸಂಕಲ್ಪದ ನೀರನ್ನು ತುಳಸಿಗೆ ಹೊಯ್ದು ಒಳಗೆ ಬಂದರು. ಆ ದಿನ ಬಾಯಿಬಿಟ್ಟದ್ದಕ್ಕೆ ನನಗೆ ಇಂದಿಗೂ ಹೆಮ್ಮೆ. ಮಳೆಗಾಲ ಪೂರ್ತಿ ಅಜ್ಜಿ ಅಡುಗೆಮನೆಯನ್ನು ಸೊಸೆಯಂದಿರಿಗೆ ಬಿಟ್ಟು ಅಜ್ಜನ ಹಾಸಿಗೆಯ ಬಳಿ ಕೂತರು. ಏನು ಮಾತಾಡುತ್ತಿದ್ದರೋ, ನಾವು ಹತ್ತಿರ ಹೋದರೆ ನಿಲ್ಲಿಸುತ್ತಿದ್ದರು. ನವರಾತ್ರಿಗೆ ಮೊದಲು ಒಂದು ಮಧ್ಯಾಹ್ನ, ಅಜ್ಜಿ ಏನೋ ಹೇಳುತ್ತಿದ್ದಾಗಲೇ ಅಜ್ಜ ಹೋದರು. ಅಜ್ಜಿ ನಮ್ಮನ್ನು ಕೂಡಲೇ ಕರೆಯಲಿಲ್ಲ. ಹೇಳುತ್ತಿದ್ದ ಮಾತನ್ನು ಮುಗಿಸಿಯೇ ಕರೆದರು.