ಮಿರಜದ ದಾರಿಗೆ ನಾನಿಟ್ಟ ಅಗಳಿ

ಅಹಂಕಾರ ದೊಡ್ಡ ದೊಡ್ಡ ಸಾಮ್ರಾಜ್ಯಗಳನ್ನೇ ಕೆಡವಿದೆ ಎಂದು ಬಲ್ಲವರು ಹೇಳುತ್ತಾರೆ. ನನ್ನದಕ್ಕೆ ಅಷ್ಟು ತಾಕತ್ತಿರಲಿಲ್ಲ. ಅಥಣಿ ಮತ್ತು ಕಾಗವಾಡದ ಇಂಟರ್ನೆಟ್ ಕೆಡವಿತು, ಅದೂ ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ. ಕೆಡವಿದವನು ನಾನು. ಹೆಸರು ಕೆಟ್ಟದ್ದು ಶಬಾನಾ ಅವರದು.

ಚಿಕ್ಕೋಡಿಯ ಇಂಟರ್ನೆಟ್ ಕಂಪನಿಯೊಂದರಲ್ಲಿ ನಾನು ಹಳೆಯ ಎಂಜಿನಿಯರ್. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ — ಊರಿಗೊಂದು ರೂಟರ್ ಪೆಟ್ಟಿಗೆ. ಬಂದ ಪ್ಯಾಕೆಟ್ಟನ್ನು, ಅಂದರೆ ಮಾಹಿತಿಯ ತುಣುಕನ್ನು, ಯಾವ ದಾರಿಗೆ ಬಿಡಬೇಕೆಂದು ಪ್ರತಿ ಪೆಟ್ಟಿಗೆಯೂ ನೆರೆಯವರನ್ನು ವಿಚಾರಿಸಿ ತಾನೇ ತೀರ್ಮಾನಿಸುತ್ತಿತ್ತು. ಅವುಗಳಿಗೆ ಬುದ್ಧಿ ಕಲಿಸಿದವನು ನಾನು — ಹಾಗೆಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಕುಡಚಿಯ ಶಬಾನಾ ನಮ್ಮ ಮುಖ್ಯಸ್ಥರಾಗಿ ಬಂದು, ಆ ಬುದ್ಧಿಯನ್ನೆಲ್ಲ ಕಿತ್ತು ಚಿಕ್ಕೋಡಿಯ ಒಂದೇ ಕಂಟ್ರೋಲರಿನಲ್ಲಿ ಕೂಡಿಸಿದರು. ಇಡೀ ಜಾಲವನ್ನು ನೋಡಿ ದಾರಿ ಹೇಳುವುದು ಆ ತಂತ್ರಾಂಶ. ಪೆಟ್ಟಿಗೆಗಳ ಕೆಲಸ ಹೇಳಿದತ್ತ ದೂಡುವುದಷ್ಟೆ. ಕಬ್ಬಿನ ಹಂಗಾಮು ಮುಗಿಯುವವರೆಗೆ ತೊಡಕಿಲ್ಲದೆ ನಡೆದರೆ ಪದ್ಧತಿಯೂ ಉಳಿಯುತ್ತದೆ, ಶಬಾನಾ ಅವರೂ ಉಳಿಯುತ್ತಾರೆ ಎಂದು ಮೇಲಿನವರು ಹೇಳಿದ್ದರು. ಅದು ನನಗೆ ಗೊತ್ತಿತ್ತು.

ಆ ಕಂಟ್ರೋಲರ್ ಒಂದು ಅಪಚಾರ ಮಾಡಿತು. ಚಿಕ್ಕೋಡಿಯಿಂದ ಕಾಗವಾಡಕ್ಕೆ ಹೋಗುವ ಅಂಕಲಿಯ ದಾರಿ ಕಡಿದರೆ ನಮ್ಮ ಪ್ಯಾಕೆಟ್ಟುಗಳನ್ನು ಮಿರಜದ ಮೇಲಿಂದ ಸಾಗಿಸುವೆನೆಂದಿತು. ಕನ್ನಡ ನೆಲದ ಪ್ಯಾಕೆಟ್ಟು ಮಹಾರಾಷ್ಟ್ರ ಸುತ್ತಿ ಬರುವುದೇ! ನಾಡಾಭಿಮಾನ ಉಕ್ಕಿತು. ಹಲ್ಲು ಕೀಳಿಸಲೂ ಮಿರಜಕ್ಕೆ ಹೋಗುವವನು ನಾನು. ಮಗಳನ್ನು ಕೊಟ್ಟದ್ದೂ ಅಲ್ಲಿಗೇ. ಆದರೂ ಯಾರಿಗೂ ಹೇಳದೆ ಕಾಗವಾಡದ ಪೆಟ್ಟಿಗೆಯೊಳಗೆ ಹೊಕ್ಕು ಒಂದು ಸಾಲು ಬರೆದೆ: ಏನೇ ಆದರೂ ಮಿರಜದತ್ತ ಬಿಡಬೇಡ, ಅಥಣಿಯತ್ತ ತಿರುಗಿಸು. ಕಂಟ್ರೋಲರಿನ ಮಾತಿಗಿಂತ ನನ್ನ ಸಾಲಿಗೆ ಮೇಲಿನ ಮಣೆ ಹಾಕಿದೆ. ತಾನು ಬರೆದ ಸಾಲುಗಳನ್ನಷ್ಟೇ ನೋಡುವ ಕಂಟ್ರೋಲರಿಗೆ ಅದು ಕಾಣುತ್ತಿರಲಿಲ್ಲ.

ಅಂಕಲಿಯ ಬಳಿ ಕಬ್ಬಿನ ಟ್ರೇಲರ್ ಒಂದು ಕೇಬಲ್ಲನ್ನು ಎಳೆದುಕೊಂಡು ಹೋಯಿತು. ಉಳಿದಿದ್ದ ರಾಯಬಾಗದ ದಾರಿ ಆಗಲೇ ತುಂಬಿ ತುಳುಕುತ್ತಿತ್ತು. ಕಂಟ್ರೋಲರ್ ಸರಿಯಾಗಿಯೇ ಯೋಚಿಸಿತು — ಅಥಣಿಯದನ್ನೂ ಕಾಗವಾಡಕ್ಕೆ ಕಳಿಸಿ, ಅಲ್ಲಿಂದ ಮಿರಜಕ್ಕೆ ಬಿಡು ಎಂದಿತು. ಅಥಣಿ ಕಳಿಸಿತು, ಕಾಗವಾಡ ನನ್ನ ಮಾತು ಕೇಳಿ ಅಥಣಿಗೇ ತಿರುಗಿಸಿತು, ಅಥಣಿ ಮತ್ತೆ ಕಾಗವಾಡಕ್ಕೆ... ಪ್ಯಾಕೆಟ್ಟುಗಳು ಗಾಣದೆತ್ತಿನಂತೆ ಸುತ್ತಿ ಸುತ್ತಿ ಸತ್ತವು. ಎರಡೂ ಊರು ಮೂಕವಾದವು.

ಶಬಾನಾ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು:

“ಪಾಟೀಲ ಸರ, ಖರೇ ಹೇಳ್ರಿ. ಕಾಗವಾಡದ ಪೆಟ್ಟಿಗೀಗೆ ನೀವೇನರ ಕೈ ಹಚ್ಚೀರೇನ್ರಿ?”

“ನಾ ಯಾಕ ಹಚ್ಚಲ್ರಿ ಬಾಯಾರ? ನಿಮ್ಮ ಕಂಟ್ರೋಲರ್ ಭಾಳ ಶಾಣ್ಯಾ ಐತೆಲ್ಲ, ಅದನ್ನ ಕೇಳ್ರಿ.”

ಇಷ್ಟೇ ಮಾತು. ಅದನ್ನು ಹೇಳುವಾಗ ನಗುತ್ತಿದ್ದೆ — ಅದನ್ನೂ ಬರೆದುಬಿಡುತ್ತೇನೆ.

ಅವರು ಕೇಬಲ್ ಜೋಡಿಸುವವರ ಬಳಿ ಅಂಕಲಿಗೆ ಓಡಿದರು. ನಾನು ಕುರ್ಚಿಯಲ್ಲೇ ಕೂತು ನನ್ನ ಸಾಲು ಅಳಿಸಿದೆ. ಪ್ಯಾಕೆಟ್ಟುಗಳು ಮಿರಜದ ಮೇಲಿಂದ ಹರಿದವು, ಜಾಲ ಎದ್ದು ಕೂತಿತು, ಎಬ್ಬಿಸಿದವನು ನಾನೆಂದು ಹೆಸರಾಯಿತು. ಮರುದಿನ ಮೇಲಿನ ಕಚೇರಿಯಿಂದ ಬಂದ ಸಾಹೇಬ ನನ್ನ ಹೆಗಲಿಗೆ ಶಾಲು ಹೊದಿಸಿ, “ಹಳೇ ಹುಲಿ ಅಂದ್ರ ಹಳೇ ಹುಲೀನ ನೋಡ್ರಿ” ಎಂದ. ಕಂಟ್ರೋಲರ್ ಅಂದರೇನೆಂದು ಆ ಮಹಾಶಯನಿಗೆ ಗೊತ್ತಿರಲಿಲ್ಲ. ಹುಲಿ ಅಂದರೇನೆಂದೂ ಗೊತ್ತಿದ್ದಂತಿಲ್ಲ. ಶಬಾನಾ ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಅವರಿಗೆ ಗೊತ್ತಾಗಿತ್ತೋ ಏನೋ — ನನ್ನನ್ನು ನೋಡಿದ ರೀತಿಯಲ್ಲಿ... ಇರಲಿ. ಪುರಾವೆಯನ್ನು ನಾನೇ ಅಳಿಸಿದ್ದೆ.

ಶಬಾನಾ ಅವರೇ, ನಿಮ್ಮ ಕಂಟ್ರೋಲರ್ ತಪ್ಪಲಿಲ್ಲ. ನೀವೂ ತಪ್ಪಲಿಲ್ಲ. ಈ ಬರಹದ ಒಂದು ಪ್ರತಿಯನ್ನು ಶಾಲು ಹೊದಿಸಿದ ಸಾಹೇಬನಿಗೂ ಕಳಿಸಿದ್ದೇನೆ, ಶಾಲಿನ ಸಮೇತ. ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ.

ಅಂದು ಶಾಲು ಹೊದಿಸಿದ ಬೆನ್ನಿಗೇ ಕಂಟ್ರೋಲರನ್ನು ತೆಗೆದುಹಾಕಿದರು. ಶಬಾನಾ ಕೆಲಸ ಬಿಟ್ಟು ಮಿರಜದ ಕಂಪನಿಯೊಂದನ್ನು ಸೇರಿದರು. ಅವರ ಕುರ್ಚಿಯನ್ನು ನನಗೆ ಕೊಟ್ಟರು. ನಿವೃತ್ತಿಯವರೆಗೂ ಅದರಲ್ಲೇ ಕೂತಿದ್ದೆ.